ಕುರ್ಚಿ ಹಾಕೋರು ಯಾರು?

ಮೊದಲ ಮೂರು ತಿಂಗಳು ನಾನು ಮಿತಿಮೀರಿ ತಿನ್ನುವವರು ಒಟ್ಟಿಗೆ ಕೂತು ಮಾತಾಡುವ ಗುಂಪಿನ ಮೀಟಿಂಗ್‌ಗೆ ಹತ್ತು ನಿಮಿಷ ತಡವಾಗಿಯೇ ಹೋಗುತ್ತಿದ್ದೆ. ಬೇಕಂತಲೇ. ಶುರುವಾದ ಮೇಲೆ ಒಳಗೆ ಹೋದರೆ ಯಾರೂ ಮಾತಾಡಿಸುವುದಿಲ್ಲ, ಮುಗಿಯುವ ಐದು ನಿಮಿಷ ಮೊದಲು ಎದ್ದುಬಿಟ್ಟರೆ ಯಾರ ಕೈಗೂ ಸಿಗುವುದಿಲ್ಲ. ಬಾಗಿಲ ಪಕ್ಕದ ಕುರ್ಚಿ ನನ್ನದು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಒಂದು ದಿನ ಅದರಲ್ಲಿ ಬೇರೆ ಯಾರೋ ಕೂತಿದ್ದರು ಅಂತ ಹಾಗೇ ತಿರುಗಿಕೊಂಡು ಮನೆಗೆ ಹೋಗಿದ್ದೂ ಉಂಟು. ಹೋಗಿ ಏನು ಮಾಡಿದೆ ಅಂತ ಈ ಬರಹ ಓದುತ್ತಿರುವವರಲ್ಲಿ ಕೆಲವರಿಗಾದರೂ ಗೊತ್ತಾಗುತ್ತದೆ.

ಹೀಗಿರುವಾಗ ಒಂದು ವಾರ, ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ಒಬ್ಬರು ಹಿರಿಯ ಹೆಂಗಸು ಬಂದು ನಿಲ್ಲಿಸಿದರು. "ಹೇಗಿದ್ದೀರಾ" ಅನ್ನಲಿಲ್ಲ. "ಯಾಕೆ ದಿನಾ ಬೇಗ ಓಡ್ತೀರಾ" ಅನ್ನಲಿಲ್ಲ. "ಮುಂದಿನ ವಾರ ಅರ್ಧ ಗಂಟೆ ಮುಂಚೆ ಬರೋಕೆ ಆಗುತ್ತಾ? ಕುರ್ಚಿ ಹಾಕೋರು ಊರಲ್ಲಿ ಇರಲ್ಲ" ಅಂದರು. ನಾನು ಹೂಂ ಅಂದೆ. ಒಳ್ಳೆಯತನದಿಂದಲ್ಲ. ಇಲ್ಲ ಅನ್ನೋಕೆ ನನಗೆ ಬರುತ್ತಿರಲಿಲ್ಲ, ಅಷ್ಟೇ. ಮನೆಗೆ ಹೋಗುವ ದಾರಿ ಉದ್ದಕ್ಕೂ ಸಿಟ್ಟು ಕುದಿಯಿತು. ನನ್ನ ಕಷ್ಟ ಹೇಳಿಕೊಳ್ಳೋಕೆ ಅಂತ ನಾನು ಹೋದರೆ ಇವರು ನನಗೇ ಕೆಲಸ ಹಚ್ಚುತ್ತಾರಲ್ಲ!

ಆಮೇಲೆ ವರ್ಷಗಳೇ ಕಳೆದಿವೆ. ಆದರೂ ಆ ಕುರ್ಚಿಗಳ ಲೆಕ್ಕ ನನಗೆ ಪೂರ್ತಿ ಬಗೆಹರಿದಿಲ್ಲ. ಡಯೆಟ್ ಚಾರ್ಟ್‌ಗಳಿಂದ ಆಗದ್ದು, ಆಣೆ ಪ್ರಮಾಣಗಳಿಂದ ಆಗದ್ದು, ಒಂದು ಕೋಣೆಯಲ್ಲಿ ಹದಿನೈದು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಡುವುದರಿಂದ ಹೇಗೆ ಶುರುವಾಯಿತು? ಶುರುವಾಯಿತು ಅಂತಷ್ಟೇ ಹೇಳುತ್ತಿದ್ದೇನೆ, ಮುಗಿಯಿತು ಅಂತಲ್ಲ.

ಬಾಯಿ ಕಟ್ಟುವುದು

ಜಾಸ್ತಿ ತಿನ್ನುವವರಿಗೆ ನಮ್ಮ ಭಾಷೆಯಲ್ಲಿ ಇರುವ ಮಾತುಗಳೆಲ್ಲ ಬೈಗುಳಗಳೇ. ಹೊಟ್ಟೆಬಾಕ, ತಿಂಡಿಪೋತ, ಬಾಯಿಚಪಲ. ಪರಿಹಾರವೂ ಒಂದೇ ಮಾತಿನಲ್ಲಿ ಸಿದ್ಧ: ಬಾಯಿ ಕಟ್ಟು. ನಾನು ಕಟ್ಟಿದ್ದೆ. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಸೋಮವಾರ ಕಟ್ಟಿದ ಬಾಯಿ ಗುರುವಾರ ರಾತ್ರಿ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಂಡ ಮೇಲೆ ಅದು ಊಟವಾಗಿರುತ್ತಿರಲಿಲ್ಲ. ಅಡುಗೆಮನೆಯ ಲೈಟ್ ಹಾಕದೆ, ಫ್ರಿಜ್ಜಿನ ಬೆಳಕಲ್ಲಿ, ನಿಂತುಕೊಂಡೇ. ರುಚಿ ಗೊತ್ತಾಗುವುದು ಮೊದಲ ಎರಡು ತುತ್ತು ಮಾತ್ರ. ಆಮೇಲೆ ಕೈ ತನ್ನ ಪಾಡಿಗೆ ತಾನು ಹೋಗಿ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಖಾಲಿ ಪೊಟ್ಟಣಗಳನ್ನು ಸಣ್ಣಗೆ ಮಡಚಿ, ಹಳೇ ಪೇಪರ್‌ನಲ್ಲಿ ಸುತ್ತಿ, ಕಸದ ಬುಟ್ಟಿಯ ತಳಕ್ಕೆ ತಳ್ಳುವುದು. ಮರುದಿನ ಮನೆಯವರು ಏಳುವ ಮುಂಚೆ ಅದೇ ಬ್ರ್ಯಾಂಡಿನ ಅದೇ ಸೈಜಿನ ಪೊಟ್ಟಣ ತಂದು, ಮೊದಲು ಎಷ್ಟು ಖಾಲಿಯಾಗಿತ್ತೋ ಅಷ್ಟು ಖಾಲಿ ಮಾಡಿ ಅದೇ ಜಾಗದಲ್ಲಿ ಇಡುವುದು. ಆ 'ಅಷ್ಟು ಖಾಲಿ ಮಾಡುವ' ಕೆಲಸವನ್ನೂ ನಾನೇ ಮಾಡುತ್ತಿದ್ದೆ ಅನ್ನುವುದು ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಬಾಯಿ ಕಟ್ಟುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗವಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಎಲ್ಲರೂ ತಾವಾಗಿಯೇ ಒಪ್ಪಿ ಬಂದವರು. ತಿಂಡಿಯ ಹುಚ್ಚು ಮೊದಲಿಂದಲೂ ಇದ್ದವರೇನಲ್ಲ. ವಾರಗಳು ಕಳೆದ ಹಾಗೆ ಅವರಿಗೆ ಊಟದ್ದೇ ಧ್ಯಾನವಾಯಿತು. ಅಡುಗೆ ಪುಸ್ತಕಗಳನ್ನು ಕಥೆ ಪುಸ್ತಕದ ಹಾಗೆ ಓದಿದರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದು ಊಟ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸಲಿಲ್ಲ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನ ಗುರುವಾರ ರಾತ್ರಿಗಳು ನನ್ನ ಸೋಮವಾರಗಳ ಮಕ್ಕಳು ಅಂತ ಆಗ ಹೊಳೆಯಿತು.

ಬಿಂಜ್ ಈಟಿಂಗ್ ಡಿಸಾರ್ಡರ್, ಅಂದರೆ ತಡೆಯಲಾಗದೆ ಒಂದೇ ಸಲಕ್ಕೆ ಮಿತಿಮೀರಿ ತಿನ್ನುವ ಕಾಯಿಲೆ, ಅಂತ ಇದಕ್ಕೆ ವೈದ್ಯರ ಪುಸ್ತಕದಲ್ಲಿ ಪ್ರತ್ಯೇಕ ಹೆಸರು ಸಿಕ್ಕಿದ್ದು 2013ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೇ ಆವೃತ್ತಿ ಬಂದಾಗ. ಅಲ್ಲಿ ಕೊಟ್ಟಿರುವ ಲಕ್ಷಣಗಳನ್ನು ಓದಿದರೆ ತಿನ್ನುವ ಪ್ರಮಾಣದ ಜೊತೆಗೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ: ನಾಚಿಕೆಯಿಂದ ಒಬ್ಬರೇ ಕೂತು ತಿನ್ನುವುದು. ಒಬ್ಬರೇ. ಈ ಪದವನ್ನು ನೆನಪಲ್ಲಿ ಇಟ್ಟುಕೊಳ್ಳಿ, ಕುರ್ಚಿಯ ವಿಷಯಕ್ಕೆ ಬೇಕಾಗುತ್ತದೆ.

ಹದಿನೈದು ನಿಮಿಷ ಅಂತ ಹೋದವರು

ಈ ಥರದ ಗುಂಪುಗಳಲ್ಲಿ ಕೂತವರಿಗೆ ಈ ಕಥೆ ಬಾಯಿಪಾಠ ಆಗಿರುತ್ತದೆ, ಆದರೂ ನನಗೆ ಹೇಳುವ ಆಸೆ. 1935ರ ಮೇ ತಿಂಗಳು. ಬಿಲ್ ಎಂಬಾತ ವ್ಯವಹಾರದ ಮೇಲೆ ಅಮೆರಿಕದ ಆಕ್ರನ್ ಊರಿಗೆ ಬಂದಿದ್ದ. ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತು. ಆ ತಿಂಗಳುಗಳಲ್ಲಿ ಕಂಡ ಕಂಡ ಕುಡುಕರನ್ನೆಲ್ಲ ಹಿಡಿದು ಬಿಡಿಸೋಕೆ ಹೆಣಗಿದ್ದ. ಒಬ್ಬನೂ ಬಿಟ್ಟಿರಲಿಲ್ಲ. ಹೆಂಡತಿ ಲೋಯಿಸ್ ಹತ್ತಿರ ಗೋಳಾಡಿದಾಗ ಅವಳು, ನೀನಾದರೂ ಕುಡಿದಿಲ್ಲವಲ್ಲ ಅಂದಿದ್ದಳಂತೆ. ಆಕ್ರನ್‌ನಲ್ಲಿ ವ್ಯವಹಾರ ಕೆಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರ್, ಒಂದು ಕಡೆ ಟೆಲಿಫೋನ್. ಕುಡುಕರಿಗೆ ಸಹಾಯ ಮಾಡುವವರು ಯಾರಾದರೂ ಇದ್ದಾರಾ ಅಂತ ಅವನು ಹುಡುಕಲಿಲ್ಲ. ಸಹಾಯ ಬೇಕಾದ ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ಒಂದಾದ ಮೇಲೊಂದು ಫೋನ್ ಮಾಡಿದ. ಸಿಕ್ಕಿದವರು ಡಾಕ್ಟರ್ ಬಾಬ್ ಎಂಬ ಸರ್ಜನ್. ಹದಿನೈದು ನಿಮಿಷ ಮಾತ್ರ ಅಂತ ಷರತ್ತು ಹಾಕಿ ಬಂದ ಡಾಕ್ಟರು ಆರು ಗಂಟೆಗೂ ಜಾಸ್ತಿ ಕೂತರು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು, ಆಲ್ಕೊಹಾಲಿಕ್ಸ್ ಅನಾನಿಮಸ್, ಹುಟ್ಟಿದ್ದು ಹಾಗೆ.

ಊಟದ ವಿಷಯಕ್ಕೆ ಇದನ್ನು ತಂದವರು ರೊಜಾನ್ ಎಂಬ ಹೆಂಗಸು. ಜೂಜಾಟದ ಚಟವಿದ್ದವರ ಇಂಥದ್ದೇ ಸಭೆಗೆ ಪರಿಚಯದವರೊಬ್ಬರ ಜೊತೆಗೆಂದು ಹೋಗಿ ಕೂತಿದ್ದಾಗ, ಅವರು ಇಸ್ಪೀಟಿನ ಬಗ್ಗೆ ಹೇಳುತ್ತಿರುವುದೆಲ್ಲ ತನ್ನ ತಿನ್ನುವಿಕೆಯ ಕಥೆಯೇ ಅಂತ ಅವರಿಗೆ ಅನ್ನಿಸಿತು. 1960ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೂವರು ಹೆಂಗಸರು ಕೂತು ಓವರ್‌ಈಟರ್ಸ್ ಅನಾನಿಮಸ್ ಶುರು ಮಾಡಿದರು. ಫೀಸಿಲ್ಲ, ತೂಕದ ಲೆಕ್ಕ ನೋಡಿ ಒಳಗೆ ಬಿಡುವುದಿಲ್ಲ, ಮಿತಿಮೀರಿ ತಿನ್ನುವುದನ್ನು ನಿಲ್ಲಿಸುವ ಆಸೆ ಇದ್ದರೆ ಸಾಕು. ಆದರೆ ಕುಡುಕರಿಗಿಲ್ಲದ ಒಂದು ಫಜೀತಿ ನಮಗಿದೆ. ಬಾಟಲಿಯನ್ನು ಪೂರ್ತಿ ಬಿಡಬಹುದು. ತಟ್ಟೆಯನ್ನು ಬಿಡೋಕಾಗುತ್ತಾ? ಹುಲಿಯನ್ನು ದಿನಕ್ಕೆ ಮೂರು ಸಲ ಬೋನಿನಿಂದ ಬಿಡಿಸಿ, ತಿರುಗಾಡಿಸಿ, ಮತ್ತೆ ಒಳಗೆ ಹಾಕಬೇಕು ಅಂತ ನಮ್ಮ ಗುಂಪುಗಳಲ್ಲಿ ಒಂದು ಮಾತಿದೆ.

ಬಿಲ್ ಮಾಡಿದ ಆ ಫೋನಿಗೆ ಆಮೇಲೆ ಶಾಸ್ತ್ರದ ಹೆಸರೂ ಬಂತು. 1965ರಲ್ಲಿ ಫ್ರ್ಯಾಂಕ್ ರೀಸ್‌ಮನ್ ಎಂಬ ಸಮಾಜವಿಜ್ಞಾನಿ, ಸಹಾಯ ಪಡೆದವನಿಗಿಂತ ಕೆಲವು ಸಲ ಸಹಾಯ ಮಾಡಿದವನಿಗೇ ಜಾಸ್ತಿ ಲಾಭ ಅಂತ ಬರೆದರು. ನಾನಿದನ್ನು ಪುಣ್ಯದ ಮಾತಾಗಿ ಓದುವುದಿಲ್ಲ. ಶುದ್ಧ ಸ್ವಾರ್ಥದ ಮಾತು. ನನಗೆ ಇಷ್ಟವಾಗಿದ್ದೂ ಅದಕ್ಕೇ.

ನಲ್ಲಿ ನಿಲ್ಲಿಸಿ ಬಂದವರು

ಕುರ್ಚಿ ಹಾಕೋಕೆ ಶುರು ಮಾಡಿದ ಮೇಲೆ ಒಂದು ತೊಂದರೆ ಆಯಿತು. ಬೇಗ ಬಂದವರೆಲ್ಲ ಮಾತಾಡಿಸತೊಡಗಿದರು. ಯಾರೋ ಒಂದು ಚೀಟಿಯಲ್ಲಿ ನಾಲ್ಕು ಫೋನ್ ನಂಬರ್ ಬರೆದು ಕೊಟ್ಟರು. "ತಿನ್ನೋ ಮುಂಚೆ ಮಾಡಿ. ತಿಂದ ಮೇಲಾದ್ರೂ ಮಾಡಿ." ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಐದು ವಾರ ಓಡಾಡಿದೆ. ಫೋನ್ ಮಾಡುವುದಕ್ಕಿಂತ ತಿನ್ನುವುದೇ ಸುಲಭವಾಗಿತ್ತು. ಉತ್ಪ್ರೇಕ್ಷೆ ಅಲ್ಲ. ಬೇರೆಯವರಿಗೆ ಏನು ಬೇಕಾದರೂ ಮಾಡಿಕೊಡುವ ಜನ ನಾವು, ಅಲ್ವಾ? ಬೇಕು ಅಂತ ಕೇಳುವಾಗ ನಾಲಿಗೆ ಹೊರಳುವುದಿಲ್ಲ.

ಆರನೇ ವಾರ ಒಂದು ರಾತ್ರಿ ಹತ್ತೂವರೆಗೆ ಮಾಡಿದೆ. ಚೀಟಿಯ ಮೂರನೇ ನಂಬರ್. ಮೊದಲಿನ ಎರಡನ್ನು ಯಾಕೆ ಬಿಟ್ಟೆನೋ ಗೊತ್ತಿಲ್ಲ. ಅತ್ತ ಕಡೆ ನೀರು ಬೀಳುವ ಶಬ್ದ, ಪಾತ್ರೆಯ ಶಬ್ದ. "ಒಂದ್ನಿಮಿಷ, ನಲ್ಲಿ ನಿಲ್ಸಿ ಬರ್ತೀನಿ" ಅಂದರು. ಆ ಒಂದು ನಿಮಿಷದಲ್ಲಿ ನಾನು ಕಾಲ್ ಕಟ್ ಮಾಡೋಕೆ ಎರಡು ಸಲ ಬೆರಳು ಇಟ್ಟೆ. ಅವರು ಬಂದರು. ನಾನು ಹೇಳಿದ್ದು ಇಷ್ಟೇ: "ಡಬ್ಬಿ ಮುಂದಿದೆ. ಇನ್ನೂ ತೆಗೆದಿಲ್ಲ." ಅವರು ಬುದ್ಧಿ ಹೇಳಲಿಲ್ಲ. ಯಾವ ಡಬ್ಬಿ, ಏನಿದೆ, ಎಷ್ಟಿದೆ ಅಂತ ಕೇಳಲಿಲ್ಲ. "ಮುಚ್ಚಳ ಬಿಗಿಯಾಗಿದೆಯಾ?" ಅಂದರು. ಹೂಂ ಅಂದೆ. "ಸರಿ, ಹಾಗಾದ್ರೆ ಫೋನ್ ಹಿಡ್ಕೊಂಡೇ ಬೇರೆ ರೂಮಿಗೆ ಹೋಗಿ." ಹೋದೆ. ಹನ್ನೊಂದು ನಿಮಿಷ ಮಾತಾಡಿದೆವು. ಅವರ ಪಕ್ಕದ ಮನೆಯ ನಾಯಿಯ ಬಗ್ಗೆ, ನನ್ನ ಆಫೀಸಿನಲ್ಲಿ ಕೆಟ್ಟುಹೋದ ಪ್ರಿಂಟರ್ ಬಗ್ಗೆ. ಇಡುವಾಗ ಅವರು "ಥ್ಯಾಂಕ್ಸ್ ಕಣ್ರೀ" ಅಂದರು. ಬಾಯಿತಪ್ಪಿ ಅಂದರು ಅಂದುಕೊಂಡೆ. ಥ್ಯಾಂಕ್ಸ್ ನಾನಲ್ಲವಾ ಹೇಳಬೇಕಾದದ್ದು?

ಎಂಟು ತಿಂಗಳ ಮೇಲೆ ಒಂದು ಮೀಟಿಂಗ್‌ನಲ್ಲಿ ಅವರು ಶೇರ್ ಮಾಡುವಾಗ, ಅಂದರೆ ತಮ್ಮ ಅನುಭವ ಹಂಚಿಕೊಳ್ಳುವಾಗ, ಹೇಳಿದರು. ಆ ದಿನ ಸಾಯಂಕಾಲ ಮನೆಯಲ್ಲಿ ಜಗಳವಾಗಿತ್ತಂತೆ. ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆಮನೆಯಲ್ಲಿ ಉಳಿದುಕೊಂಡಿದ್ದರಂತೆ, ಎಲ್ಲರೂ ಮಲಗಲಿ ಅಂತ ಕಾಯುತ್ತಾ. ನಲ್ಲಿ ಬಿಟ್ಟಿದ್ದು ಪೊಟ್ಟಣ ಬಿಚ್ಚುವ ಶಬ್ದ ಹೊರಗೆ ಕೇಳದಿರಲಿ ಅಂತ. ಅವರು ನನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಾನು ನೆಲ ನೋಡುತ್ತಾ ಕೂತಿದ್ದೆ. ಕಿವಿ ಬಿಸಿಯಾಗಿತ್ತು.

ಆ ನಲ್ಲಿಯ ಉಪಾಯ ನನಗೂ ಗೊತ್ತಿತ್ತು. ನಾನೂ ಮಾಡಿದ್ದೆ. ಜಗತ್ತಿನಲ್ಲಿ ಅದು ಗೊತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಹಂಗು

ಈಗ ಕೃತಜ್ಞತೆಯ ವಿಷಯ. ನಮ್ಮ ಗುಂಪಿನಲ್ಲಿ ಈ ಪದ ಬೇಕಾದ್ದಕ್ಕಿಂತ ಜಾಸ್ತಿ ಓಡಾಡುತ್ತದೆ. ಮೊದಮೊದಲು ಯಾರಾದರೂ ಈ ಪದ ಎತ್ತಿದರೆ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಗುಂಪಿನಲ್ಲಿ ಹೊಸಬರ ಕೈ ಹಿಡಿದು ನಡೆಸುವ ಹಳಬರಿಗೆ ಸ್ಪಾನ್ಸರ್ ಅನ್ನುತ್ತಾರೆ. ನನ್ನ ಸ್ಪಾನ್ಸರ್, ಅಂದರೆ ಕುರ್ಚಿ ಹಾಕಿಸಿದ ಆ ಹಿರಿಯರೇ, ದಿನಾ ರಾತ್ರಿ ಐದು ವಿಷಯ ಬರಿ ಅಂದರು. ಎರಡನೇ ದಿನಕ್ಕೇ ನನ್ನ ಪಟ್ಟಿ ಶಾಲೆಯ ಮಗ್ಗಿಯ ಹಾಗೆ ಆಯಿತು: ಮನೆ ಇದೆ, ಕೆಲಸ ಇದೆ, ಕೈಕಾಲು ಗಟ್ಟಿ ಇದೆ. ಪಟ್ಟಿ ಬರೆದು ಮುಗಿಸಿ ತಿಂದಿದ್ದೂ ಇದೆ. ಇಷ್ಟೆಲ್ಲ ಇದ್ದೂ ನಿನಗೇನು ಧಾಡಿ ಅಂತ ಪಟ್ಟಿಯೇ ನನ್ನನ್ನು ಬೈಯುತ್ತಿತ್ತು.

2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕ್‌ಕಲೊ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದು ಈ ಪಟ್ಟಿಗಳಿಗೆಲ್ಲ ಆಧಾರ ಅಂತ ಎಲ್ಲರೂ ತೋರಿಸುತ್ತಾರೆ. ಕೆಲವರಿಗೆ ವಾರಕ್ಕೊಮ್ಮೆ, ಸಿಕ್ಕ ಒಳ್ಳೆಯದನ್ನು ಬರೆಯಲು ಹೇಳಿದರು. ಕೆಲವರಿಗೆ ಕಿರಿಕಿರಿಗಳನ್ನು ಬರೆಯಲು ಹೇಳಿದರು. ಹತ್ತು ವಾರದ ಲೆಕ್ಕದಲ್ಲಿ ಮೊದಲಿನವರು ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಇದ್ದರು. ಒಪ್ಪಿದೆ. ಆದರೆ ನನ್ನ ತೊಡಕು ಬೇರೆ ಇತ್ತು. ಅದಕ್ಕೆ ಕನ್ನಡದಲ್ಲೇ ಒಂದು ಪದವಿದೆ: ಹಂಗು. ಯಾರಾದರೂ ಒಂದು ಉಪಕಾರ ಮಾಡಿದರೆ ನನಗೆ ಖುಷಿಗಿಂತ ಮೊದಲು ಹಂಗು ತಾಗುತ್ತಿತ್ತು. ತೀರಿಸಬೇಕು, ಬೇಗ ತೀರಿಸಬೇಕು, ಪಡೆದದ್ದಕ್ಕಿಂತ ದೊಡ್ಡದು ಕೊಟ್ಟು ಕೈ ತೊಳೆದುಕೊಳ್ಳಬೇಕು. ತೀರಿಸಲು ಆಗದಿದ್ದರೆ ಆ ಮನುಷ್ಯರನ್ನೇ ತಪ್ಪಿಸಿ ಓಡಾಡುವುದು. ನನ್ನ ಕೃತಜ್ಞತೆಯೆಲ್ಲ ಸಾಲದ ಕಂತಾಗಿತ್ತು.

ನಲ್ಲಿಯ ಘಟನೆ ಅದನ್ನು ಸ್ವಲ್ಪ ಸಡಿಲಿಸಿತು. ಆ ರಾತ್ರಿಯ ಲೆಕ್ಕವನ್ನು ಯಾರ ಖಾತೆಗೆ ಬರೆಯುವುದು? ನಾನು ಅವರನ್ನು ಕರೆದೆನಾ, ಅವರು ನನ್ನನ್ನು ಉಳಿಸಿದರಾ? ಕೊಟ್ಟವರು ಯಾರು, ಪಡೆದವರು ಯಾರು ಅಂತ ಗೊತ್ತಾಗದ ಕಡೆ ಹಂಗು ಎಲ್ಲಿ ಕೂರುತ್ತದೆ? ಅವರು ಅದನ್ನು ಹೇಳಿದ ದಿನ ರಾತ್ರಿ ನನ್ನ ಪಟ್ಟಿಯಲ್ಲಿ ಒಂದೇ ಸಾಲು ಬರೆದೆ: "ನಲ್ಲಿ ನಿಲ್ಲಿಸಿದರು." ಐದರ ಲೆಕ್ಕ ಅವತ್ತಿಗೆ ಬಿಟ್ಟೆ. ಈಗಲೂ ಬರೆಯುವುದು ಒಂದೋ ಎರಡೋ. ಕೈಕಾಲು ಗಟ್ಟಿ ಇದೆ ಅಂತ ಬರೆಯುವುದಿಲ್ಲ. ಯಾರು, ಯಾವಾಗ, ಏನು ಮಾಡಿದರು ಅಂತ ಮಾತ್ರ.

ಸೇವೆಯೂ ಫ್ರಿಜ್ ಆಗಬಹುದು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. 'ಸೇವೆ ಮಾಡಿ, ಎಲ್ಲ ಸರಿಹೋಗುತ್ತದೆ' ಅಂತ ಯಾರಾದರೂ ಹೇಳಿದರೆ ನಾನು ತಲೆ ಆಡಿಸುವುದಿಲ್ಲ. ನಮ್ಮಲ್ಲಿ ಬಹಳಷ್ಟು ಜನ ಮೊದಲಿಂದಲೇ ಎಲ್ಲರ ಕೆಲಸ ಮೈಮೇಲೆ ಹಾಕಿಕೊಂಡವರು. ದಿನವಿಡೀ ಬೇರೆಯವರ ಬೇಕುಬೇಡ ನೋಡಿ, ರಾತ್ರಿ ಸಿಗುವ ಒಂದೇ ಒಂದು 'ನನ್ನದು' ಅನ್ನುವ ಗಳಿಗೆಯಲ್ಲಿ ಫ್ರಿಜ್ ತೆಗೆದವರು. ಅಂಥವರಿಗೆ ಇನ್ನಷ್ಟು ಸೇವೆ ಮಾಡಿ ಅನ್ನುವುದು ಉರಿಯುವುದಕ್ಕೆ ಎಣ್ಣೆ ಹಾಕಿದ ಹಾಗೆ.

ನನಗೆ ಅದು ಎರಡನೇ ವರ್ಷದಲ್ಲಿ ಆಯಿತು. ಕುರ್ಚಿಯಿಂದ ಶುರುವಾಗಿ ಬೀಗದ ಕೈ ನನ್ನ ಹತ್ತಿರ, ಹುಂಡಿ ಲೆಕ್ಕ ನನ್ನ ಹತ್ತಿರ, ಹೊಸಬರಿಗೆ ಫೋನ್ ಮಾಡುವುದು ನಾನೇ, ಮೂವರಿಗೆ ಸ್ಪಾನ್ಸರ್ ನಾನೇ. ಒಬ್ಬರು ಎರಡು ವಾರ ಫೋನ್ ಎತ್ತಲಿಲ್ಲ ಅಂತ ನಾನು ದಿನಕ್ಕೆ ನಾಲ್ಕು ಸಲ ಕರೆ ಮಾಡಿದೆ. ಅವರ ಊಟ, ಅವರ ಬಿಂಜ್, ಅವರ ಕಣ್ಣೀರು. ನನ್ನ ಊಟದ ಬಗ್ಗೆ ಯೋಚಿಸುವುದು ನಿಂತೇಹೋಗಿತ್ತು, ಅದನ್ನೇ ಗುಣವಾಗುವುದು ಅಂದುಕೊಂಡಿದ್ದೆ. ಒಂದು ಭಾನುವಾರ ಮೀಟಿಂಗ್ ಮುಗಿಸಿ, ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿ ಇರುವಾಗಲೇ ಹೋಗಿ ಬಿಂಜ್ ಮಾಡಿದೆ. ಸ್ಪಾನ್ಸರ್‌ಗೆ ಹೇಳಿದರೆ ಅವರು ಗಾಬರಿಯಾಗಲಿಲ್ಲ. "ಬೀಗದ ಕೈ ಕೊಡಿ" ಅಂತ ಕೈ ಚಾಚಿದರು. "ಹುಂಡಿ ಲೆಕ್ಕಾನೂ. ಒಂದು ಕೆಲಸ ಇಟ್ಕೊಳ್ಳಿ, ಯಾವ್ದು ಬೇಕು?"

ಕುರ್ಚಿ ಅಂದೆ.

ಯಾಕೆ ಅಂತ ಆಮೇಲೆ ಯೋಚಿಸಿದ್ದೇನೆ. ಕುರ್ಚಿ ಹಾಕುವುದರಲ್ಲಿ ಯಾರನ್ನೂ ಉದ್ಧಾರ ಮಾಡುವ ಸುಖ ಇಲ್ಲ. ಯಾರೂ ಹೊಗಳುವುದಿಲ್ಲ. ಆದರೆ ಹಾಕದಿದ್ದರೆ ಗೊತ್ತಾಗುತ್ತದೆ. ನಾನು ಬರಲಿಲ್ಲ ಅನ್ನುವುದು ಹದಿನೈದು ಜನಕ್ಕೆ ತಕ್ಷಣ ಗೊತ್ತಾಗುವ ಒಂದು ಜಾಗ ನನ್ನ ಬದುಕಿನಲ್ಲಿ ಹುಟ್ಟಿಕೊಂಡಿತ್ತು. ಒಬ್ಬರೇ ಕೂತು ತಿನ್ನುವ ಕಾಯಿಲೆಗೆ ಇದು ಸಣ್ಣ ವಿಷಯ ಅಲ್ಲ. ಇನ್ನು ದೊಡ್ಡ ಕೆಲಸ ಮಾಡೋಕೆ ಬೇರೆಯವರಿದ್ದಾರೆ. ನಾನು ಅದೇ ವರ್ಷ ಒಬ್ಬರು ಥೆರಪಿಸ್ಟ್ ಹತ್ತಿರವೂ ಹೋಗಲು ಶುರು ಮಾಡಿದೆ. ಯೋಚನೆಯ ಜಾಡು ತಿದ್ದುವ ಸಿಬಿಟಿ ಎಂಬ ಚಿಕಿತ್ಸೆಗೆ ಈ ಕಾಯಿಲೆಯಲ್ಲಿ ಒಳ್ಳೆಯ ಆಧಾರವಿದೆ. ಹೊತ್ತು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬಿಡಬೇಡಿ, ಬಾಯಿ ಕಟ್ಟಬೇಡಿ ಅಂತ ನನಗೆ ಮೊದಲ ಸಲ ಹೇಳಿದ್ದು ಅವರೇ. ಮೀಟಿಂಗ್ ಇದ್ದರೆ ಡಾಕ್ಟರ್ ಬೇಡ ಅನ್ನುವವರು ಒಬ್ಬಿಬ್ಬರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರ ಪಕ್ಕದಲ್ಲಿ ಕೂರಬೇಡಿ.

ಬಾಗಿಲ ಪಕ್ಕದ ಕುರ್ಚಿ

ಹಾಂ, ಒಂದು ಹೇಳೋದು ಮರೆತೆ. ಕುರ್ಚಿ ಹಾಕುವವರು ಊರಲ್ಲಿ ಇರಲ್ಲ ಅಂದಿದ್ದರಲ್ಲ ಆ ಹಿರಿಯರು? ಮುಂದಿನ ವಾರ ನಾನು ಅರ್ಧ ಗಂಟೆ ಮುಂಚೆ ಹೋಗಿ, ಏದುಸಿರು ಬಿಟ್ಟು ಹದಿನೈದೂ ಕುರ್ಚಿ ಹಾಕಿ ಮುಗಿಸುವಷ್ಟರಲ್ಲಿ ಅವರು ಆರಾಮಾಗಿ ಬಂದು ಕೂತರು. ಒಂದು ವರ್ಷದ ಮೇಲೆ ಗೊತ್ತಾಯಿತು, ಆರು ವರ್ಷದಿಂದ ಕುರ್ಚಿ ಹಾಕುತ್ತಿದ್ದವರು ಅವರೇ. ಊರು ಬಿಟ್ಟು ಎಲ್ಲೂ ಹೋಗಿರಲಿಲ್ಲ. ಪ್ರಾಮಾಣಿಕತೆಯ ಬಗ್ಗೆ ಅಷ್ಟು ಮಾತಾಡುವವರು ಹೀಗೆ ಸುಳ್ಳು ಹೇಳಬಹುದಾ ಅಂತ ಕೇಳಿದೆ. "ನಾನು ಊರಲ್ಲಿ ಇರಲ್ಲ ಅಂತ ಅಂದ್ಕೊಂಡಿದ್ದೆ, ಆಮೇಲೆ ಪ್ಲ್ಯಾನ್ ಬದಲಾಯ್ತು" ಅಂದರು. ಮುಖದಲ್ಲಿ ನಗು ಇರಲಿಲ್ಲ.

ಆ ಕುರ್ಚಿಗಳಲ್ಲಿ ಒಂದಕ್ಕೆ ಹಿಂದಿನ ಎಡಗಾಲಿನ ರಬ್ಬರ್ ಬಿದ್ದುಹೋಗಿದೆ. ಎಳೆದರೆ ಕಿರ್ ಅನ್ನುತ್ತದೆ, ಕೂತರೆ ಅಲುಗುತ್ತದೆ. ಮೊದಲೆಲ್ಲ ಅದನ್ನೇ ಬಾಗಿಲ ಪಕ್ಕ ಹಾಕುತ್ತಿದ್ದೆ, ಹೇಗೂ ಅಲ್ಲಿ ಯಾರೂ ಕೂರುವುದಿಲ್ಲ ಅಂತ. ಹೋದ ತಿಂಗಳಿಂದ ಅದನ್ನು ನಾನು ಕೂರುವಲ್ಲಿ ಇಟ್ಟುಕೊಂಡು ಒಳ್ಳೆಯದೊಂದನ್ನು ಬಾಗಿಲ ಪಕ್ಕ ಹಾಕುತ್ತಿದ್ದೇನೆ. ಹೊಸಬರೊಬ್ಬರು ಬರುತ್ತಿದ್ದಾರೆ. ಹತ್ತು ನಿಮಿಷ ತಡವಾಗಿ ಬರುತ್ತಾರೆ, ಮುಗಿಯುವ ಮುಂಚೆ ಏಳುತ್ತಾರೆ. ಬ್ಯಾಗನ್ನು ಮಡಿಲಿಂದ ಕೆಳಗೆ ಇಡುವುದಿಲ್ಲ. ಹೋದ ವಾರ ಅವರು ಎದ್ದಾಗ ನಾನೂ ಎದ್ದು ಮೆಟ್ಟಿಲವರೆಗೆ ಹೋದೆ. ಬಾಯಿ ಬರಲಿಲ್ಲ. ಅವರು ಹೋದರು.

ಮುಂದಿನ ವಾರ ನಾನು ಊರಲ್ಲೇ ಇರುತ್ತೇನೆ. ಇರಲ್ಲ ಅಂತ ಹೇಳಬೇಕೋ, ಇದ್ದದ್ದನ್ನೇ ಹೇಳಿ ಕೇಳಬೇಕೋ ಅಂತ ಇನ್ನೂ ತೀರ್ಮಾನಿಸಿಲ್ಲ.